ಮೊಬೈಲ್ ಕ್ಯಾಲೆಂಡರ್ ಇಟ್ಟುಕೊಂಡು ಮನೆ ನಡೆಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಈ ಪ್ರಶ್ನೆಗಳನ್ನೆಲ್ಲ ನಮ್ಮ ಮನೆಯವರು, ಪಕ್ಕದ ಮನೆಯವರು, ಆಫೀಸಿನ ಗೆಳತಿಯರು ನನ್ನನ್ನು ಒಂದಲ್ಲ ಒಂದು ಸಲ ಕೇಳಿದ್ದಾರೆ. ನಾನು ಬಳಸುವುದು ಗೂಗಲ್ ಕ್ಯಾಲೆಂಡರ್, ಹಾಗಾಗಿ ಸೆಟ್ಟಿಂಗ್‌ಗಳ ಮಾತು ಬಂದಾಗ ಅದನ್ನೇ ಹೇಳಿದ್ದೇನೆ. ಐಫೋನ್‌ನ ಕ್ಯಾಲೆಂಡರ್ ಬಳಸುವವರಿಗೂ ಹೆಚ್ಚಿನ ವಿಷಯ ಹೊಂದುತ್ತದೆ.

ನನಗೆ ಎಲ್ಲ ನೆನಪಿರುತ್ತೆ. ಇದೆಲ್ಲ ಯಾಕೆ ಬೇಕು?

ನಿಮಗೆ ನೆನಪಿರುತ್ತೆ, ಒಪ್ಪಿದೆ. ಆದರೆ ಮನೆಯಲ್ಲಿ ಬೇರೆ ಯಾರಿಗೆ ಗೊತ್ತು? ಹೋದ ವರ್ಷ ನಾನು ನಾಲ್ಕು ದಿನ ಜ್ವರದಲ್ಲಿ ಮಲಗಿದ್ದೆ. ಮಗನ ಶಾಲೆಗೆ ಬುಧವಾರ ಬಿಳಿ ಯೂನಿಫಾರ್ಮ್ ಅನ್ನುವುದರಿಂದ ಹಿಡಿದು ಮಾವನವರ ಸಕ್ಕರೆ ಮಾತ್ರೆ ಮುಗಿಯುವ ದಿನದವರೆಗೆ ಎಲ್ಲದಕ್ಕೂ ನನ್ನನ್ನೇ ಎಬ್ಬಿಸಿ ಕೇಳಬೇಕಾಯಿತು. ಯಾರದೂ ತಪ್ಪಲ್ಲ, ಅದು ಬೇರೆಲ್ಲೂ ಬರೆದಿರಲಿಲ್ಲ. ಎಷ್ಟೋ ಮನೆಗಳಲ್ಲಿ ಇಡೀ ಮನೆಯ ನೆನಪು ಒಬ್ಬರ ತಲೆಯಲ್ಲಿರುತ್ತದೆ, ಆ ಒಬ್ಬರು ಸಾಮಾನ್ಯವಾಗಿ ಹೆಂಗಸೇ ಆಗಿರುತ್ತಾರೆ. ಆ ಭಾರ ಇಳಿಸಲು ನಾನು ಕ್ಯಾಲೆಂಡರ್ ಹಿಡಿದೆ.

ಶುರು ಎಲ್ಲಿಂದ ಮಾಡಲಿ?

ಗೋಡೆಯ ಮೇಲಿನ ಕ್ಯಾಲೆಂಡರ್ ಕೆಳಗಿಳಿಸಿ. ಬೆಂಗಳೂರು ಪ್ರೆಸ್‌ನದೋ ಬ್ಯಾಂಕಿನವರು ಕೊಟ್ಟದ್ದೋ, ಯಾವುದಾದರೂ ಸರಿ. ಅದರ ಮೇಲೆ ಪೆನ್ನಿನಲ್ಲಿ ಏನೇನು ಬರೆದಿದ್ದೀರಿ ನೋಡಿ. ನಮ್ಮ ಅಮ್ಮನದು ಅಡುಗೆಮನೆ ಬಾಗಿಲ ಹಿಂದೆ ನೇತಾಡುತ್ತದೆ. ಹಾಲು ಬರದ ದಿನಕ್ಕೆ ಒಂದು ಸುತ್ತು, ಸಿಲಿಂಡರ್ ಬಂದ ದಿನ ‘ಗ್ಯಾಸ್’, ಚೀಟಿ ದುಡ್ಡು ಕಟ್ಟುವ ದಿನ ಒಂದು ನಕ್ಷತ್ರ. ನಿಮ್ಮ ಮನೆಗೆ ನಿಜವಾಗಿ ಬೇಕಾದ ಪಟ್ಟಿ ಅಲ್ಲೇ ಇದೆ. ಮೊದಲ ದಿನ ಅಷ್ಟನ್ನೇ ಮೊಬೈಲಿಗೆ ಹಾಕಿ. ಬೆಳಿಗ್ಗೆ 5ಕ್ಕೆ ಯೋಗ, 6ಕ್ಕೆ ವಾಕಿಂಗ್ ಅಂತ ಆಸೆಗಳನ್ನೆಲ್ಲ ಮೊದಲೇ ತುಂಬಬೇಡಿ.

ಎರಡನೆಯ ಕೆಲಸ, ಮೊಬೈಲಿನ ಮೊದಲ ಪರದೆಯ ಮೇಲೆ ಕ್ಯಾಲೆಂಡರ್ ವಿಜೆಟ್ (ಆಪ್ ತೆರೆಯದೆಯೇ ನಮೂದುಗಳನ್ನು ತೋರಿಸುವ ಚೌಕ) ಹಾಕಿಕೊಳ್ಳಿ. ಖಾಲಿ ಜಾಗದಲ್ಲಿ ಬೆರಳು ಒತ್ತಿ ಹಿಡಿದರೆ ವಿಜೆಟ್‌ಗಳ ಪಟ್ಟಿ ಬರುತ್ತದೆ. ಅಮ್ಮನ ಕ್ಯಾಲೆಂಡರ್ ಕೆಲಸ ಮಾಡುವುದು ಅದು ಅಡುಗೆಮನೆ ಬಾಗಿಲಲ್ಲಿ ಇರುವುದರಿಂದ, ದಿನಕ್ಕೆ ಹತ್ತು ಸಲ ಕಣ್ಣಿಗೆ ಬೀಳುವುದರಿಂದ. ಆಪ್ ತೆರೆದು ನೋಡುವ ಅಭ್ಯಾಸ ಯಾರಿಗೂ ಬರುವುದಿಲ್ಲ. ಕಣ್ಣೆದುರು ಇದ್ದರೆ ನೋಡುತ್ತೇವೆ, ಅಷ್ಟೇ.

ಬಿಲ್, ಇನ್ಶೂರೆನ್ಸ್ ಎಲ್ಲದರ ಕೊನೆ ದಿನ ಹಾಕಿದ್ದೇನೆ. ಆದರೂ ಯಾಕೆ ತಪ್ಪಿ ಹೋಗುತ್ತಿದೆ?

ಕೊನೆ ದಿನ ಹಾಕಿದ್ದಕ್ಕೇ ತಪ್ಪಿ ಹೋಗುತ್ತಿದೆ. ಈ ಒಂದು ವಿಷಯ ನನಗೆ ಅರ್ಥವಾಗಲು ಮೂರು ವರ್ಷ ಹಿಡಿಯಿತು.

ನನ್ನ ಸ್ಕೂಟರಿನ ಇನ್ಶೂರೆನ್ಸ್ ಮುಗಿಯುವ ದಿನವನ್ನು ಕ್ಯಾಲೆಂಡರಿಗೆ ಸರಿಯಾಗಿಯೇ ಹಾಕಿದ್ದೆ. ಸರಿಯಾದ ದಿನಕ್ಕೇ ಮೊಬೈಲ್ ಹೊಡೆದುಕೊಂಡಿತು. ಆಗ ನಾನು ಹಾಸನದಲ್ಲಿ ನೆಂಟರ ಮದುವೆಯಲ್ಲಿ ಊಟದ ಪಂಕ್ತಿಯಲ್ಲಿದ್ದೆ. ಎದುರಿಗೆ ಎಲೆ, ಕೈ ತುಂಬ ಸಾರು. ಸಂಜೆ ಕಟ್ಟೋಣ ಎಂದುಕೊಂಡೆ. ಸಂಜೆ ನೆಟ್‌ವರ್ಕ್ ಸಿಗಲಿಲ್ಲ, ರಾತ್ರಿ ಹಣ ಕಟ್ಟುವ ಪುಟ ತೆರೆಯಲಿಲ್ಲ. ಮರುದಿನ ಮಗನನ್ನು ಹಿಂದೆ ಕೂರಿಸಿಕೊಂಡು ಹೋಗಿದ್ದು ಇನ್ಶೂರೆನ್ಸ್ ಇಲ್ಲದ ಗಾಡಿಯಲ್ಲಿ.

ಈಗ ನಾನು ಕ್ಯಾಲೆಂಡರಿಗೆ ಬರೆಯುವುದು ಕೆಲಸ ಮಾಡುವ ದಿನವನ್ನು. ನಮ್ಮ ಮನೆಗೆ ಸಂಬಳ 1ನೇ ತಾರೀಖು ಬರುತ್ತದೆ. ಆದ್ದರಿಂದ 3ನೇ ತಾರೀಖು ರಾತ್ರಿ 9 ಗಂಟೆಗೆ ‘ಕರೆಂಟ್ ಬಿಲ್, ನೀರಿನ ಬಿಲ್, ಇಂಟರ್ನೆಟ್ ಕಟ್ಟುವುದು’ ಅಂತ ಒಂದೇ ನಮೂದು, ಪ್ರತಿ ತಿಂಗಳು. ಆ ಹೊತ್ತಿಗೆ ಪಾತ್ರೆ ತೊಳೆದಾಗಿರುತ್ತದೆ, ನಾನು ಮನೆಯಲ್ಲಿರುತ್ತೇನೆ, ಖಾತೆಯಲ್ಲಿ ದುಡ್ಡೂ ಇರುತ್ತದೆ. ಮೂರೂ ಕೂಡಿದ ಹೊತ್ತು ಯಾವುದು ಅಂತ ನಿಮ್ಮ ಮನೆಯಲ್ಲಿ ಹುಡುಕಿ, ಅದನ್ನು ಬರೆಯಿರಿ. ಕೊನೆ ದಿನವನ್ನು ವಿವರದ ಜಾಗದಲ್ಲಿ ಬರೆದಿಟ್ಟರೆ ಸಾಕು.

ಯಾವುದಕ್ಕೆ ಎಷ್ಟು ಮುಂಚೆ ಅನ್ನುವುದು ಒಂದೊಂದಕ್ಕೆ ಒಂದೊಂದು ಥರ. ಗಾಡಿ ಇನ್ಶೂರೆನ್ಸಿಗೆ ನಾನು 15 ದಿನ ಮುಂಚೆ ಹಾಕುತ್ತೇನೆ. ಮುಗಿದು 90 ದಿನ ದಾಟಿದರೆ ಅಷ್ಟು ವರ್ಷ ಕೂಡಿಬಂದ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗುವ ರಿಯಾಯಿತಿ) ಕೂಡ ಹೋಗುತ್ತದೆ. ಪಾಸ್‌ಪೋರ್ಟಿಗೆ ಒಂದು ವರ್ಷ ಮುಂಚೆ, ಯಾಕೆಂದರೆ ಎಷ್ಟೋ ದೇಶಗಳು ಇನ್ನೂ ಆರು ತಿಂಗಳ ಅವಧಿ ಉಳಿದಿರಬೇಕು ಅನ್ನುತ್ತವೆ, ಅಂದರೆ ಪುಸ್ತಕದಲ್ಲಿ ಬರೆದಿರುವ ದಿನಕ್ಕಿಂತ ಬಹಳ ಮೊದಲೇ ಅದು ಕೆಲಸಕ್ಕೆ ಬಾರದಂತಾಗುತ್ತದೆ. ಬೆಂಗಳೂರಿನಲ್ಲಿ ಮನೆ ಇದ್ದವರು ಆಸ್ತಿ ತೆರಿಗೆಯನ್ನು ಏಪ್ರಿಲ್ ಮೊದಲ ವಾರಕ್ಕೆ ಹಾಕಿಕೊಳ್ಳಿ. ಆ ತಿಂಗಳಲ್ಲೇ ಪೂರ್ತಿ ಕಟ್ಟಿದವರಿಗೆ ಶೇ 5 ರಿಯಾಯಿತಿ ಕೊಡುತ್ತಾ ಬಂದಿದ್ದಾರೆ. ಹೊಗೆ ತಪಾಸಣೆ ಸರ್ಟಿಫಿಕೇಟಿಗೆ ಒಂದು ವಾರ ಮುಂಚೆ ಸಾಕು, ಪೆಟ್ರೋಲ್ ಹಾಕಿಸಲು ಹೋದಾಗಲೇ ಮಾಡಿಸಬಹುದು.

ನಮೂದಿಗೆ ಏನಂತ ಹೆಸರು ಕೊಡಬೇಕು?

‘ಬ್ಯಾಂಕ್’ ಅಂತ ಬರೆಯಬೇಡಿ. ಎರಡು ತಿಂಗಳ ನಂತರ ನೋಡಿದರೆ ಯಾವ ಬ್ಯಾಂಕ್, ಯಾಕೆ ಅಂತ ನಿಮಗೇ ಗೊತ್ತಾಗುವುದಿಲ್ಲ. ‘ಮಾವನವರ ಜೊತೆ ಬ್ಯಾಂಕಿಗೆ ಹೋಗಿ ಜೀವನ ಪ್ರಮಾಣಪತ್ರ ಕೊಡುವುದು’ ಅಂತ ಬರೆಯಿರಿ. ಸರ್ಕಾರಿ ಪಿಂಚಣಿ ಬರುವವರು, ತಾವು ಬದುಕಿದ್ದೇವೆ ಅನ್ನುವುದಕ್ಕೆ, ಇದನ್ನು ಸಾಮಾನ್ಯವಾಗಿ ಪ್ರತಿ ವರ್ಷ ನವೆಂಬರಿನಲ್ಲಿ ಕೊಡಬೇಕು. ಕೇಂದ್ರ ಸರ್ಕಾರದ ಪಿಂಚಣಿಯಾದರೆ 80 ದಾಟಿದವರಿಗೆ ಅಕ್ಟೋಬರ್ 1ರಿಂದಲೇ ಅವಕಾಶ ಇದೆ. ವಿವರದ ಜಾಗದಲ್ಲಿ ‘ಪಾಸ್‌ಬುಕ್, ಆಧಾರ್, ಪಿಂಚಣಿ ಪುಸ್ತಕ, ಓದುವ ಕನ್ನಡಕ’ ಅಂತ ಹಾಕಿದ್ದೇನೆ. ಕನ್ನಡಕ ಸೇರಿಸಿದ್ದು ಒಂದು ಸಲ ಅದಿಲ್ಲದೆ ಹೋಗಿ, ಫಾರಂ ಓದಲಾಗದೆ ಅವರು ಬೇಜಾರು ಮಾಡಿಕೊಂಡ ಮೇಲೆ.

ಕರೆಂಟ್ ಬಿಲ್ಲಿನ ಖಾತೆ ಸಂಖ್ಯೆ, ಗ್ಯಾಸ್ ಗ್ರಾಹಕ ಸಂಖ್ಯೆ ಇವೂ ಅಲ್ಲೇ ಇದ್ದರೆ ಬೇರೆಯವರೂ ಕಟ್ಟಬಹುದು. ಪಾಸ್‌ವರ್ಡ್, ಪಿನ್ ಮಾತ್ರ ಯಾವತ್ತೂ ಬರೆಯಬೇಡಿ.

ಮೊಬೈಲ್ ಹೊಡೆದುಕೊಳ್ಳುವುದೇ ಇಲ್ಲ. ಏನು ಮಾಡಲಿ?

ಮೂರು ಕಡೆ ನೋಡಿ. ಮೊಬೈಲಿನ ಸೆಟ್ಟಿಂಗ್‌ನಲ್ಲಿ ಕ್ಯಾಲೆಂಡರ್ ಆಪ್‌ಗೆ ನೋಟಿಫಿಕೇಶನ್ ಅನುಮತಿ ಇದೆಯಾ? ಬ್ಯಾಟರಿ ಉಳಿಸುವ ವ್ಯವಸ್ಥೆ ಆ ಆಪ್ ಅನ್ನು ಮಲಗಿಸಿಬಿಟ್ಟಿದೆಯಾ? ರಾತ್ರಿ ಹಾಕಿದ ಡು ನಾಟ್ ಡಿಸ್ಟರ್ಬ್ ಬೆಳಿಗ್ಗೆಯೂ ಹಾಗೇ ಉಳಿದಿದೆಯಾ? ಇನ್ನೊಂದು ವಿಷಯ, ಕ್ಯಾಲೆಂಡರ್ ಒಂದು ಸಲ ಸಣ್ಣಗೆ ಸದ್ದು ಮಾಡಿ ಸುಮ್ಮನಾಗುತ್ತದೆ. ಅದು ಅಲಾರಂ ಅಲ್ಲ. ಬೆಳಿಗ್ಗೆ 4ಕ್ಕೆ ಎದ್ದು ಬಸ್ ಹಿಡಿಯಬೇಕು ಅಂದರೆ ಗಡಿಯಾರದ ಅಲಾರಂ ಇಡಿ. ದಿನಕ್ಕೆ ಮೂರು ಹೊತ್ತಿನ ಮಾತ್ರೆಗೂ ಅಲಾರಮ್ಮೇ ಸರಿ.

ಮೊದಲೆಲ್ಲ ಎಸ್‌ಎಂಎಸ್ ಬರುತ್ತಿತ್ತಲ್ಲ ಅಂತ ಕೇಳುವವರಿದ್ದಾರೆ. ಗೂಗಲ್ ಅದನ್ನು 2019ರ ಜನವರಿಯಲ್ಲಿ ನಿಲ್ಲಿಸಿತು. ಇಮೇಲ್ ಈಗಲೂ ಬರುವಂತೆ ಮಾಡಬಹುದು.

ಒಂದೇ ನಮೂದಿಗೆ ಎರಡು ಮೂರು ಸೂಚನೆ ಇಡಬಹುದು, ಇದನ್ನು ಬಹಳ ಜನ ಬಳಸುವುದೇ ಇಲ್ಲ. ಡಾಕ್ಟರ್ ಹತ್ತಿರ ಹೋಗುವುದಿದ್ದರೆ ನಾನು ಹಿಂದಿನ ದಿನಕ್ಕೊಂದು, ಎರಡು ಗಂಟೆ ಮುಂಚೆಗೊಂದು ಇಡುತ್ತೇನೆ. ಹಿಂದಿನ ದಿನದ್ದು ಹಳೆ ರಿಪೋರ್ಟ್ ಹುಡುಕಲು, ಎರಡು ಗಂಟೆ ಮುಂಚಿನದು ಮನೆ ಬಿಡಲು.

ಈವೆಂಟ್, ಟಾಸ್ಕ್ ಎರಡಿವೆ. ಯಾವುದು ಯಾವಾಗ?

ಆ ಹೊತ್ತು ಕಳೆದರೆ ಕೆಲಸವೂ ಕಳೆದುಹೋಗುತ್ತದೆ ಅನ್ನುವುದಾದರೆ ಈವೆಂಟ್: ಮದುವೆ, ಪೋಷಕರ ಸಭೆ, ರೈಲು. ಮಾಡುವ ತನಕ ಬೆನ್ನು ಬಿಡಬಾರದು ಅನ್ನುವುದಾದರೆ ಟಾಸ್ಕ್: ಗೀಸರ್ ರಿಪೇರಿ, ಟೈಲರ್ ಹತ್ತಿರ ಬ್ಲೌಸ್ ತರುವುದು. ಮುಗಿಯಿತು ಅಂತ ಗುರುತು ಹಾಕುವವರೆಗೂ ಟಾಸ್ಕ್ ಬಾಕಿ ಅಂತ ಕಾಣುತ್ತಲೇ ಇರುತ್ತದೆ. ಈವೆಂಟ್ ಹಿಂದಿನ ವಾರಕ್ಕೆ ಸರಿದು ಮರೆಯಾಗುತ್ತದೆ.

ಪ್ರತಿ ವಾರ, ಪ್ರತಿ ತಿಂಗಳು ಬಿಟ್ಟು ಬೇರೆ ಥರ ಮರುಕಳಿಸುವಂತೆ ಮಾಡಬಹುದಾ?

ಮಾಡಬಹುದು, ಮತ್ತು ಇದರಲ್ಲೇ ಜಾಸ್ತಿ ಉಪಯೋಗ ಇರುವುದು. ರಿಪೀಟ್ ಅನ್ನುವಲ್ಲಿ ಕಸ್ಟಮ್‌ಗೆ ಹೋಗಿ. ನಮ್ಮ ಬೀದಿಗೆ ಕಾವೇರಿ ನೀರು ದಿನ ಬಿಟ್ಟು ದಿನ ಬರುತ್ತದೆ, ಹಾಗಾಗಿ ‘ಪ್ರತಿ 2 ದಿನಕ್ಕೆ’. ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ, ಅದನ್ನು ತಾರೀಖಿನ ಲೆಕ್ಕ ಬಿಟ್ಟು ‘ತಿಂಗಳ ಎರಡನೇ ಶನಿವಾರ’ ಅಂತಲೇ ಹಾಕಬಹುದು.

ನನಗೆ ತುಂಬ ಇಷ್ಟವಾದ ಉದಾಹರಣೆ ತಂಗಿಯ ಮಗುವಿನ ಲಸಿಕೆಯದು. ಹುಟ್ಟಿದಾಗ ಹಾಕಿಸಿದ ಮೇಲೆ 6, 10, 14ನೇ ವಾರಕ್ಕೆ ಲಸಿಕೆ ಇರುತ್ತದೆ. ಲೆಕ್ಕ ನೋಡಿದರೆ ನಾಲ್ಕು ನಾಲ್ಕು ವಾರದ ಅಂತರ, ಮೂರು ಸಲ. ಅವಳು ಬಾಣಂತನಕ್ಕೆ ತವರಿಗೆ ಬಂದ ದಿನವೇ ಇಬ್ಬರೂ ಮಂಚದ ಮೇಲೆ ಕೂತು ತಾಯಿ ಕಾರ್ಡ್ ಎದುರಿಗಿಟ್ಟುಕೊಂಡೆವು. ಆರನೇ ವಾರದ ದಿನದಿಂದ ಶುರು, ‘ಪ್ರತಿ 4 ವಾರಕ್ಕೆ’, ‘3 ಸಲ ಆದ ಮೇಲೆ ನಿಲ್ಲಲಿ’. ಒಂದೇ ನಮೂದಿನಲ್ಲಿ ಮೂರೂ ಬಂತು. ಆಮೇಲೆ 9 ತಿಂಗಳಿನದನ್ನು ಬೇರೆಯಾಗಿ ಸೇರಿಸಿದೆವು. ಆಶಾ ಕಾರ್ಯಕರ್ತೆ ಹೇಳುವ ದಿನ ಒಂದೆರಡು ದಿನ ಆಚೀಚೆ ಆದರೆ ಬೆರಳಲ್ಲಿ ಎಳೆದು ಸರಿ ಮಾಡಿಕೊಂಡರಾಯಿತು.

ಮರುಕಳಿಸುವ ನಮೂದನ್ನು ಬದಲಿಸುವಾಗ ಅದು ಕೇಳುತ್ತದೆ: ಇದೊಂದೇ ದಿನವಾ, ಇಲ್ಲಿಂದ ಮುಂದಿನವೆಲ್ಲವಾ, ಎಲ್ಲವೂನಾ? ಅವಸರದಲ್ಲಿ ‘ಎಲ್ಲವೂ’ ಒತ್ತಿದರೆ ಹಳೆಯ ದಾಖಲೆಯೂ ಬದಲಾಗುತ್ತದೆ. ಟ್ಯೂಷನ್ ಸಮಯ ಬದಲಾಯಿತು ಅಂದರೆ ‘ಇಲ್ಲಿಂದ ಮುಂದಿನವು’ ಸರಿ.

ಹಬ್ಬ, ಶ್ರಾದ್ಧದ ತಿಥಿಯನ್ನು ಪ್ರತಿ ವರ್ಷಕ್ಕೆ ಅಂತ ಹಾಕಬಹುದಾ?

ಹಾಕಬೇಡಿ. ಯುಗಾದಿ 2024ರಲ್ಲಿ ಏಪ್ರಿಲ್ 9, 2025ರಲ್ಲಿ ಮಾರ್ಚ್ 30, 2026ರಲ್ಲಿ ಮಾರ್ಚ್ 19. ಚಾಂದ್ರಮಾನದ ವರ್ಷ ಸುಮಾರು 354 ದಿನದ್ದು. ಹಾಗಾಗಿ ಪ್ರತಿ ವರ್ಷ ಹತ್ತು ಹನ್ನೊಂದು ದಿನ ಹಿಂದಕ್ಕೆ ಸರಿಯುತ್ತದೆ, ಅಧಿಕ ಮಾಸ ಬಂದಾಗ ಮತ್ತೆ ಮುಂದಕ್ಕೆ ಹೋಗುತ್ತದೆ. ಗೂಗಲ್‌ನ ಭಾರತದ ರಜಾದಿನಗಳ ಕ್ಯಾಲೆಂಡರ್ ಸೇರಿಸಿಕೊಂಡರೆ ದೊಡ್ಡ ಹಬ್ಬಗಳು ತಾವಾಗಿ ಬರುತ್ತವೆ, ಆದರೆ ನಮ್ಮ ಮನೆಯ ವ್ರತ, ಊರಿನ ಜಾತ್ರೆ, ಹಿರಿಯರ ತಿಥಿ ಅದರಲ್ಲಿ ಇರುವುದಿಲ್ಲ.

ನಾನು ಮಾಡುವುದು ಇಷ್ಟು. ಯುಗಾದಿಗೆ ಹೊಸ ಪಂಚಾಂಗ ಬರುತ್ತದೆ, ನಮ್ಮ ಮನೆಯಲ್ಲಿ ಒಂಟಿಕೊಪ್ಪಲ್‌ನದು. ಆ ವಾರದಲ್ಲಿ ಒಂದು ಸಂಜೆ ಅತ್ತೆ ಪಂಚಾಂಗ ಹಿಡಿದು ಓದುತ್ತಾರೆ, ನಾನು ಮೊಬೈಲಿಗೆ ಹಾಕುತ್ತೇನೆ. ಮಾವನವರ ತಂದೆಯ ತಿಥಿ, ವರಮಹಾಲಕ್ಷ್ಮಿ, ಗೌರಿ, ಅನಂತನ ಚತುರ್ದಶಿ, ಒಟ್ಟು ಹದಿನೈದಿಪ್ಪತ್ತು ಸಾಲು. ಅರ್ಧ ಗಂಟೆ ಸಾಕು. ಶ್ರಾದ್ಧಕ್ಕೆ ಒಂದು ತಿಂಗಳು ಮುಂಚೆ ಇನ್ನೊಂದು ನಮೂದು, ‘ಪುರೋಹಿತರಿಗೆ ಫೋನ್ ಮಾಡುವುದು’. ಪಕ್ಷಮಾಸದಲ್ಲಿ ಅವರು ಸಿಗುವುದು ಎಷ್ಟು ಕಷ್ಟ ಅಂತ ಮಾಡಿದವರಿಗೆ ಗೊತ್ತು.

ಮನೆಯವರೆಲ್ಲ ಒಂದೇ ಕ್ಯಾಲೆಂಡರ್ ನೋಡುವಂತೆ ಮಾಡುವುದು ಹೇಗೆ?

ಕಂಪ್ಯೂಟರಿನ ಬ್ರೌಸರ್‌ನಲ್ಲಿ ಗೂಗಲ್ ಕ್ಯಾಲೆಂಡರ್ ತೆರೆದು ‘ಮನೆ’ ಅಂತ ಒಂದು ಹೊಸ ಕ್ಯಾಲೆಂಡರ್ ಮಾಡಿ. ಅದರ ಸೆಟ್ಟಿಂಗ್‌ನಲ್ಲಿ ಮನೆಯವರ ಜಿಮೇಲ್ ವಿಳಾಸ ಸೇರಿಸಿ. ಗಂಡ, ಅಣ್ಣ, ತಂಗಿ ಇವರಿಗೆ ಬದಲಾವಣೆ ಮಾಡುವ ಅನುಮತಿ ಕೊಡಿ. ಬರೀ ನೋಡುವ ಅನುಮತಿ ಕೊಟ್ಟರೆ ಬರೆಯುವ ಕೆಲಸ ಮತ್ತೆ ನಿಮ್ಮ ಒಬ್ಬರ ಮೇಲೇ ಬೀಳುತ್ತದೆ. ಸಾರ್ವಜನಿಕ ಅನ್ನುವ ಆಯ್ಕೆಗೆ ಮಾತ್ರ ಟಿಕ್ ಹಾಕಬೇಡಿ, ಮನೆ ಯಾವಾಗ ಖಾಲಿ ಇರುತ್ತದೆ ಅಂತ ಊರಿಗೆಲ್ಲ ಹೇಳಿದಂತೆ.

ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ನಾನು ಬಿದ್ದಿದ್ದೇನೆ, ನೀವು ಬೀಳಬೇಡಿ. ಹಂಚಿಕೊಂಡ ಕ್ಯಾಲೆಂಡರಿನಲ್ಲಿ ನೀವು ಇಟ್ಟ ಸೂಚನೆ ನಿಮಗೆ ಮಾತ್ರ ಹೊಡೆಯುತ್ತದೆ. ಬೇರೆಯವರಿಗೆ ನಮೂದು ಕಾಣುತ್ತದೆ, ಆದರೆ ಅವರ ಮೊಬೈಲ್ ಯಾವಾಗ ಸದ್ದು ಮಾಡಬೇಕು ಅನ್ನುವುದು ಅವರವರ ಸೆಟ್ಟಿಂಗ್. ಅಮ್ಮನಿಗೆ ಕಣ್ಣಿನ ಪೊರೆ ಆಪರೇಷನ್ ಆದ ಮೇಲೆ ಎರಡನೇ ತಪಾಸಣೆ ಇತ್ತು. ಬಿಟ್ಟು ಬರುವುದು ನಾನು, ಕರೆದುಕೊಂಡು ಬರುವುದು ಅಣ್ಣ ಅಂತ ಮಾತಾಗಿತ್ತು. ‘12.30 ಅಮ್ಮನನ್ನು ಕರೆತರುವುದು, ಅಣ್ಣ’ ಅಂತ ನಾನೇ ಬರೆದು ಅರ್ಧ ಗಂಟೆ ಮುಂಚಿನ ಸೂಚನೆ ಇಟ್ಟೆ. 12ಕ್ಕೆ ನನ್ನ ಮೊಬೈಲ್ ಹೊಡೆಯಿತು, ಅಣ್ಣನಿಗೂ ಹೊಡೆದಿರುತ್ತದೆ ಎಂದುಕೊಂಡು ನಾನು ಮೀಟಿಂಗಿಗೆ ಹೋದೆ. ಅಮ್ಮ ಕಪ್ಪು ಕನ್ನಡಕ ಹಾಕಿಕೊಂಡು, ಕೈಯಲ್ಲಿ ಡ್ರಾಪ್ಸ್ ಡಬ್ಬಿ ಹಿಡಿದು, ಆಸ್ಪತ್ರೆಯ ಬೆಂಚಿನ ಮೇಲೆ 2.45ರವರೆಗೆ ಕೂತಿದ್ದರು. ಒಂದು ಮಾತೂ ಬೈಯಲಿಲ್ಲ. ಇವತ್ತಿಗೂ ನನಗೆ ಅದು ಚುಚ್ಚುತ್ತದೆ.

ಆವತ್ತೇ ಸಂಜೆ ಮೂವರ ಮೊಬೈಲನ್ನೂ ಎದುರಿಗಿಟ್ಟುಕೊಂಡು, ಪ್ರತಿಯೊಬ್ಬರ ಸೆಟ್ಟಿಂಗ್‌ಗೂ ಹೋಗಿ, ‘ಮನೆ’ ಕ್ಯಾಲೆಂಡರಿಗೆ ಒಂದು ದಿನ ಮುಂಚೆ ಮತ್ತು ಒಂದು ಗಂಟೆ ಮುಂಚೆ ಅಂತ ಡೀಫಾಲ್ಟ್ (ಪ್ರತಿ ನಮೂದಿಗೂ ತಾನಾಗಿ ಸೇರುವ) ಸೂಚನೆ ಹಾಕಿದೆವು. ನೀವು ಹಂಚಿಕೊಳ್ಳುವ ದಿನವೇ ಇದನ್ನು ಮಾಡಿ. ಸುಮ್ನೆ ಹತ್ತು ನಿಮಿಷ ಮುಂದಿನ ಒಂದು ಪರೀಕ್ಷಾ ನಮೂದು ಹಾಕಿ, ಅದಕ್ಕೆ ಎಲ್ಲರೂ ತಮ್ಮ ತಮ್ಮ ಮೊಬೈಲಿನಲ್ಲಿ ಐದು ನಿಮಿಷದ ಸೂಚನೆ ಇಟ್ಟುಕೊಳ್ಳಲಿ. ಎಲ್ಲ ಫೋನುಗಳೂ ಹೊಡೆದುಕೊಂಡವಾ ಅಂತ ಕಿವಿಯಾರೆ ಕೇಳಿ. ಒಬ್ಬರೇ ಒಬ್ಬರು ಮಾಡಬೇಕಾದ ಕೆಲಸವಾದರೆ ಅವರನ್ನು ಅತಿಥಿಯಾಗಿ ಸೇರಿಸಿ ಆಹ್ವಾನ ಕಳಿಸಬಹುದು, ಅವರು ಒಪ್ಪಿದ್ದು ನಿಮಗೂ ಕಾಣುತ್ತದೆ.

ರೈಲು ಟಿಕೆಟ್‌ಗೆ ಕ್ಯಾಲೆಂಡರ್ ಹೇಗೆ ಸಹಾಯ ಮಾಡುತ್ತೆ?

2024ರ ನವೆಂಬರ್ 1ರಿಂದ ಮುಂಗಡ ಬುಕಿಂಗ್ 120 ದಿನದಿಂದ 60 ದಿನಕ್ಕೆ ಇಳಿದಿದೆ, ಪ್ರಯಾಣದ ದಿನ ಬಿಟ್ಟು. ನವೆಂಬರ್ 7ಕ್ಕೆ ಹುಬ್ಬಳ್ಳಿಗೆ ಹೊರಡಬೇಕು ಅಂದರೆ ಸೆಪ್ಟೆಂಬರ್ 8ರ ಬೆಳಿಗ್ಗೆ 8ಕ್ಕೆ ಬುಕಿಂಗ್ ಶುರು. ನಾನು ಪ್ರಯಾಣದ ದಿನ ಹಾಕುವಾಗಲೇ ಈ ದಿನಕ್ಕೂ 7.45ಕ್ಕೆ ಒಂದು ನಮೂದು ಹಾಕುತ್ತೇನೆ, ಯಾರ ಯಾರ ಹೆಸರು, ವಯಸ್ಸು ಅಂತ ವಿವರದಲ್ಲಿ ಬರೆದು. ತತ್ಕಾಲ್ ಆದರೆ ಹಿಂದಿನ ದಿನ ಎಸಿಗೆ 10 ಗಂಟೆ, ಸ್ಲೀಪರ್‌ಗೆ 11 ಗಂಟೆ.

ಟಿಕೆಟ್ ಮೇಲ್ ಜಿಮೇಲ್‌ಗೆ ಬಂದರೆ ಪ್ರಯಾಣ ಎಷ್ಟೋ ಸಲ ತಾನಾಗಿ ಕ್ಯಾಲೆಂಡರಿಗೆ ಸೇರುತ್ತದೆ. ಅದು ಮೊದಲಿಗೆ ನಿಮಗೊಬ್ಬರಿಗೇ ಕಾಣುವುದು, ಮನೆಯವರಿಗೂ ಕಾಣಬೇಕಾದರೆ ‘ಮನೆ’ ಕ್ಯಾಲೆಂಡರಿನಲ್ಲಿ ಬೇರೆ ಬರೆಯಿರಿ.

ಮಗಳು ಅಮೆರಿಕದಲ್ಲಿದ್ದಾಳೆ. ವಿಡಿಯೋ ಕಾಲ್ ಸಮಯ ಯಾಕೆ ಒಂದು ಗಂಟೆ ಹೆಚ್ಚುಕಮ್ಮಿ ಆಗುತ್ತೆ?

ಅಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದಿಡುತ್ತಾರೆ, ನವೆಂಬರ್ ಮೊದಲ ಭಾನುವಾರ ಹಿಂದಿಡುತ್ತಾರೆ. ನಮ್ಮಲ್ಲಿ ಆ ಪದ್ಧತಿ ಇಲ್ಲ. ನಮ್ಮ ರಾತ್ರಿ 7.30 ಅಂದರೆ ನ್ಯೂಜೆರ್ಸಿಯಲ್ಲಿ ಬೇಸಿಗೆಗೆ ಬೆಳಿಗ್ಗೆ 10, ಚಳಿಗಾಲಕ್ಕೆ 9. ನೀವು ಇಲ್ಲಿಯ ಸಮಯದಲ್ಲಿ ಮಾಡಿದ ನಮೂದು ಇಲ್ಲಿ 7.30ಕ್ಕೇ ಇರುತ್ತದೆ, ಅವಳಿಗೆ ಸರಿಯುತ್ತದೆ. ಅವಳು ಮಾಡಿದರೆ ನಿಮಗೆ ಸರಿಯುತ್ತದೆ. ಯಾರಿಗೆ ಸಮಯ ಬದಲಿಸುವುದು ಕಷ್ಟವೋ ಅವರು ನಮೂದು ಮಾಡಲಿ. ಸಂಧ್ಯಾವಂದನೆ, ಊಟ, ಮಾತ್ರೆ ಹೊತ್ತಿಗೆ ಸರಿಯಾಗಿ ನಡೆಯುವ ಮನೆಯಾದರೆ ಅಪ್ಪ ಅಮ್ಮನ ಕಡೆಯಿಂದಲೇ ಮಾಡಿ.

ಕನ್ನಡದಲ್ಲಿ ಬರೆಯಬಹುದಾ?

ಧಾರಾಳವಾಗಿ. ಟೈಪ್ ಮಾಡುವುದು ಕಷ್ಟವಾದರೆ ಕೀಬೋರ್ಡಿನ ಮೈಕ್ ಒತ್ತಿ ಮಾತಾಡಿ, ಗೂಗಲ್‌ನ ಕೀಬೋರ್ಡ್ ಆಪ್ ಜಿಬೋರ್ಡ್ ಕನ್ನಡವನ್ನು ಚೆನ್ನಾಗಿ ಹಿಡಿಯುತ್ತದೆ. ಒಂದು ದಿನ ‘ಗ್ಯಾಸ್’ ಅಂತ ಕನ್ನಡದಲ್ಲಿ, ಇನ್ನೊಂದು ದಿನ ಅದನ್ನೇ ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ಹುಡುಕುವಾಗ ಅರ್ಧ ಸಿಗುವುದಿಲ್ಲ. ಮನೆಯವರೆಲ್ಲ ಒಂದೇ ಲಿಪಿ ಅಂತ ಮಾತಾಡಿಕೊಳ್ಳಿ. ನಮ್ಮದು ಕನ್ನಡ, ಯಾಕೆಂದರೆ ಅತ್ತೆಯೂ ಓದಬೇಕು.

ಯಾರೋ ಗೊತ್ತಿಲ್ಲದವರು ‘ನಿಮಗೆ ಬಹುಮಾನ’ ಅಂತ ನನ್ನ ಕ್ಯಾಲೆಂಡರಿಗೆ ಹಾಕಿದ್ದಾರೆ!

ಅದರೊಳಗಿನ ಲಿಂಕ್ ಒತ್ತಬೇಡಿ. ಸ್ಪ್ಯಾಮ್ ಅಂತ ವರದಿ ಮಾಡಿ. ಸೆಟ್ಟಿಂಗ್‌ನಲ್ಲಿ ಆಹ್ವಾನಗಳನ್ನು ಸೇರಿಸುವ ಬಗ್ಗೆ ಒಂದು ಆಯ್ಕೆ ಇದೆ, ಅಲ್ಲಿ ಪರಿಚಯದವರು ಕಳಿಸಿದರೆ ಮಾತ್ರ ಅಂತ ಬದಲಿಸಿ. ಮನೆಯ ಹಿರಿಯರ ಮೊಬೈಲಿನಲ್ಲೂ ಇವತ್ತೇ ಮಾಡಿಕೊಡಿ.

ಆಫೀಸಿನ ಖಾತೆಯಲ್ಲೇ ಮನೆಯದನ್ನೂ ಹಾಕಿದರೆ ಆಗಲ್ವಾ?

ಬೇಡ. ಕೆಲಸ ಬಿಟ್ಟ ದಿನ ಆ ಖಾತೆ ಮುಚ್ಚುತ್ತದೆ, ಅದರ ಜೊತೆ ಮಗುವಿನ ಲಸಿಕೆ ದಿನಗಳೂ ಹೋಗುತ್ತವೆ. ಸ್ವಂತ ಜಿಮೇಲ್‌ನಲ್ಲಿ ಇಡಿ. ಎರಡೂ ಖಾತೆಗಳನ್ನು ಒಂದೇ ಆಪ್‌ನಲ್ಲಿ ಬೇರೆ ಬೇರೆ ಬಣ್ಣದಲ್ಲಿ ನೋಡಬಹುದು.

ಗೊತ್ತಿಲ್ಲದೆ ಅಳಿಸಿಬಿಟ್ಟೆ. ವಾಪಸ್ ಸಿಗುತ್ತಾ?

ಕಂಪ್ಯೂಟರಿನಲ್ಲಿ ತೆರೆದು ಕಸದ ಬುಟ್ಟಿ ನೋಡಿ. ಅಳಿಸಿದ್ದು 30 ದಿನ ಅಲ್ಲೇ ಇರುತ್ತದೆ. ಮೊಬೈಲ್ ಕಳೆದರೂ ಏನೂ ಹೋಗುವುದಿಲ್ಲ, ಹೊಸದರಲ್ಲಿ ಅದೇ ಖಾತೆಯಿಂದ ಒಳಗೆ ಬಂದರೆ ಎಲ್ಲ ಬರುತ್ತದೆ.

ಹಾಗಾದರೆ ಗೋಡೆಯ ಕ್ಯಾಲೆಂಡರ್ ತೆಗೆದುಬಿಡಬೇಕಾ?

ಬೇಡ, ಇರಲಿ. ಅಮ್ಮ ಈಗಲೂ ಅದರಲ್ಲೇ ಬರೆಯುತ್ತಾರೆ. ಭಾನುವಾರ ಬೆಳಿಗ್ಗೆ ಅವರ ಮನೆಗೆ ಹೋದಾಗ, ಕಾಫಿ ಆಗುವಷ್ಟರಲ್ಲಿ ನಾನು ಅಡುಗೆಮನೆ ಬಾಗಿಲು ಎಳೆದು ಆ ಪುಟದ ಫೋಟೊ ತೆಗೆದುಕೊಳ್ಳುತ್ತೇನೆ. ಹೊಸದಾಗಿ ಬರೆದಿರುವುದನ್ನು ‘ಮನೆ’ ಕ್ಯಾಲೆಂಡರಿಗೆ ಸೇರಿಸುತ್ತೇನೆ. ಹೋದ ವಾರ 18ನೇ ತಾರೀಖಿನ ಚೌಕದಲ್ಲಿ ಪೆನ್ಸಿಲ್‌ನಲ್ಲಿ ಸಣ್ಣಗೆ ‘ಮಂಡಿ ನೋವು, ಡಾಕ್ಟರ್?’ ಅಂತ ಇತ್ತು. ನಮಗೆ ಯಾರಿಗೂ ಹೇಳಿರಲಿಲ್ಲ. ಸೋಮವಾರಕ್ಕೇ ಅಪಾಯಿಂಟ್‌ಮೆಂಟ್ ತೆಗೆದುಕೊಂಡೆವು. ಕರೆದುಕೊಂಡು ಹೋಗಲು ನಾನು, ಕರೆತರಲು ಅಣ್ಣ. ಈ ಸಲ ಇಬ್ಬರ ಮೊಬೈಲೂ ಹೊಡೆಯಿತು.